ಬಾಗಿಲವರೆಗೆ ಬಂದು ವಾಪಸ್ ಹೋದವರು: ಒಂದು ಆನರ್ಸ್ ಕೋರ್ಸಿನ ಪ್ರಕರಣ

ಸೆಮಿಸ್ಟರ್‌ನ ಎರಡನೇ ಶುಕ್ರವಾರ, ಸಂಜೆ ನಾಲ್ಕೂವರೆ. ಐದು ಗಂಟೆಗೆ ಗಡುವು. ಬಾಗಿಲು ತಟ್ಟಿ ಒಳಗೆ ಬಂದ ಹುಡುಗಿಯ ಕೈಯಲ್ಲಿ ಒಂದು ಹಾಳೆ ಇತ್ತು. ನನ್ನ ಸಹಿ ಒಂದು ಬಿಟ್ಟು ಉಳಿದದ್ದೆಲ್ಲ ತುಂಬಿತ್ತು. "ಪ್ರೊಫೆಸರ್, ಇಲ್ಲೊಂದು ಸೈನ್ ಹಾಕಿದರೆ ಮುಗೀತು" ಅಂದಳು. ಹಾಳೆಯ ಮಧ್ಯದಲ್ಲಿ "ಹೆಚ್ಚುವರಿ ಕೆಲಸದ ವಿವರ" ಅಂತ ದೊಡ್ಡದೊಂದು ಚೌಕ. ಅದರಲ್ಲಿ ಬರೆದಿದ್ದು ಒಂದೇ ಸಾಲು: ಕ್ಯೂಯಿಂಗ್ ಥಿಯರಿಯ ಮೇಲೆ, ಅಂದರೆ ಸಾಲಿನಲ್ಲಿ ಕಾಯುವುದರ ಲೆಕ್ಕದ ಮೇಲೆ, 20 ಪುಟದ ಪ್ರಬಂಧ.

ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. ನಾನು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಬಿಸಿನೆಸ್ ಕಾಲೇಜಿನಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. ಹುಡುಗಿ ಮೂರನೇ ವರ್ಷ, ಫೈನಾನ್ಸ್ ಓದುತ್ತಿದ್ದವಳು. ಹೆಸರು ಬೇಡ.

ಈ ಹಾಳೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಆನರ್ಸ್ ಅಂದರೆ ಬೇರೆಯೇ ಅರ್ಥ. ಭಾರತದಲ್ಲಿ ಅದು ಡಿಗ್ರಿಯ ಹೆಸರಿಗೇ ಅಂಟಿಕೊಂಡಿರುತ್ತದೆ. ಎನ್‌ಇಪಿ 2020 ಬಂದ ಮೇಲಂತೂ ನಾಲ್ಕು ವರ್ಷದ ಡಿಗ್ರಿ ಅಂದರೆ ಆನರ್ಸ್ ಅನ್ನುವ ಮಾತು ಎಲ್ಲರ ಬಾಯಲ್ಲಿ ಬಂತು. ಅಮೆರಿಕದಲ್ಲಿ ಡಿಗ್ರಿ ಎಲ್ಲರಿಗೂ ಅದೇ, ಅದೇ ನಾಲ್ಕು ವರ್ಷ, ಅದೇ ಸುಮಾರು 120 ಕ್ರೆಡಿಟ್. ಅದರೊಳಗೆ ಇಷ್ಟು ಕ್ರೆಡಿಟ್ ಆನರ್ಸ್ ಕೋರ್ಸುಗಳಾಗಿರಬೇಕು, ಅಂಕದ ಸರಾಸರಿ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು, ಕೊನೆಯ ವರ್ಷ ಒಂದು ಥೀಸಿಸ್ ಬರೆಯಬೇಕು. ಇವನ್ನೆಲ್ಲ ಮುಗಿಸಿದವರ ಅಂಕಪಟ್ಟಿಯಲ್ಲಿ ಆನರ್ಸ್ ಅಂತ ಬೀಳುತ್ತದೆ.

ತೊಡಕು ಬರುವುದು ಮೂರನೇ ವರ್ಷದಲ್ಲಿ. ಮೊದಲೆರಡು ವರ್ಷದ ಕೋರ್ಸುಗಳಿಗೆ ಆನರ್ಸ್ ಮಕ್ಕಳಿಗೇ ಅಂತ ಬೇರೆ ತರಗತಿ ಇರುತ್ತದೆ. ಆಪರೇಷನ್ಸ್, ಫೈನಾನ್ಸ್‌ನಂಥ ಮುಂದಿನ ಕೋರ್ಸುಗಳಲ್ಲಿ ಅಷ್ಟು ಆನರ್ಸ್ ಮಕ್ಕಳು ಒಂದೇ ಕಡೆ ಸಿಗುವುದಿಲ್ಲ. 80 ಜನರ ತರಗತಿಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಅವರಿಗೆ ಬೇರೆ ಮೇಷ್ಟ್ರು, ಬೇರೆ ರೂಮು ಎಲ್ಲಿಂದ ತರುವುದು? ಅದಕ್ಕೆ ಕಂಡುಕೊಂಡ ದಾರಿಯೇ ಆನರ್ಸ್ ಕಾಂಟ್ರಾಕ್ಟ್. ಎಲ್ಲರ ಜೊತೆ ಕೂತು ಅದೇ ಪಾಠ ಕೇಳು, ಅದೇ ಪರೀಕ್ಷೆ ಬರೆ, ಮೇಲೆ ಒಂದಿಷ್ಟು ಹೆಚ್ಚುವರಿ ಕೆಲಸ ಮಾಡು. ಮೇಷ್ಟ್ರು, ವಿದ್ಯಾರ್ಥಿ, ಆನರ್ಸ್ ಕಚೇರಿ ಮೂವರೂ ಮೊದಲೇ ಸಹಿ ಹಾಕಬೇಕು. ಕೆಲಸ ಮುಗಿಯದಿದ್ದರೂ ಕೋರ್ಸಿನ ಗ್ರೇಡಿಗೆ ತೊಂದರೆಯಿಲ್ಲ, ಆನರ್ಸ್ ಗುರುತು ಮಾತ್ರ ಸಿಗುವುದಿಲ್ಲ.

ಆನರ್ಸ್ ಶುರುವಾದದ್ದು ಹೀಗಲ್ಲ. 1922ರಲ್ಲಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಅಲ್ಲಿನ ಅಧ್ಯಕ್ಷ ಫ್ರಾಂಕ್ ಏಡಲಟ್ ಅದನ್ನು ಶುರು ಮಾಡಿದರು. ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು ಅವರು. ಪಾಠ ಕೇಳುವುದನ್ನು ಬಿಡಿಸಿ ಮಕ್ಕಳನ್ನು ಚಿಕ್ಕ ಸೆಮಿನಾರುಗಳಲ್ಲಿ ಕೂರಿಸಿದರು. ಕೊನೆಗೆ ಪರೀಕ್ಷೆ ಮಾಡಲು ಹೊರಗಿನ ಕಾಲೇಜುಗಳಿಂದ ಮೇಷ್ಟ್ರುಗಳನ್ನು ಕರೆಸಿದರು. ಅಲ್ಲಿ ಇವತ್ತಿಗೂ ಹೊರಗಿನವರೇ ಪರೀಕ್ಷಕರು. ನಮ್ಮ ಕಾಂಟ್ರಾಕ್ಟ್ ಅದರ ಬಡ ನೆಂಟ. ಖರ್ಚಿಲ್ಲ, ಆದ್ದರಿಂದ ಎಲ್ಲ ಕಡೆ ಇದೆ.

ಸಹಿ ಹಾಕದ್ದಕ್ಕೆ ಕಾರಣ

ನಾನೇನೂ ಶಿಸ್ತಿನ ಸಿಪಾಯಿ ಅಲ್ಲ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಹಾಳೆಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದೆ. ಆ ಹುಡುಗ ಕೊನೆಯ ವಾರ 22 ಪುಟ ತಂದುಕೊಟ್ಟ. ಪಠ್ಯಪುಸ್ತಕದ ಎರಡು ಅಧ್ಯಾಯವನ್ನು ಬೇರೆ ಮಾತಿನಲ್ಲಿ ಬರೆದಿದ್ದ, ಅಷ್ಟೇ. ತಪ್ಪು ಒಂದೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅದನ್ನು ಓದುತ್ತಾ, ಇದನ್ನು ಬರೆಯುವಾಗ ಅವನಿಗೂ ಇಷ್ಟೇ ಬೇಜಾರಾಗಿರಬೇಕು ಅನ್ನಿಸಿತು. ಅವನಿಗೆ ಆನರ್ಸ್ ಗುರುತು ಸಿಕ್ಕಿತು. ತಪ್ಪು ನಂದೇ.

ಅದಕ್ಕೇ ಈ ಸಲ ಕೇಳಿದೆ: "ನೀನು ದಿನಾ ಯಾವುದಾದರೂ ಕ್ಯೂ ನೋಡ್ತೀಯಾ?"

ಹುಡುಗಿ ನಕ್ಕಳು. "ನೋಡೋದೇನು, ನನ್ನ ಎದುರಿಗೇ ಕೂತಿರುತ್ತೆ."

ಅವಳು ವಾರಕ್ಕೆ 10 ಗಂಟೆ ಅಡ್ವೈಸಿಂಗ್ ಕಚೇರಿಯ ಮುಂದಿನ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ಮುಂದಿನ ಸೆಮಿಸ್ಟರ್‌ಗೆ ಯಾವ ಕೋರ್ಸ್ ತಗೋಬೇಕು ಅಂತ ಮಕ್ಕಳು ಕೇಳಲು ಬರುವ ಜಾಗ ಅದು. ಅಡ್ವೈಸರ್‌ಗಳು ಇಬ್ಬರು. ನೋಂದಣಿಯ ವಾರಗಳಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ಯಾರು ಬೇಕಾದರೂ ಬರಬಹುದು. ಬಂದವರು ಬಾಗಿಲ ಪಕ್ಕದ ಕಿಯೋಸ್ಕಿನಲ್ಲಿ ಕಾರ್ಡ್ ಉಜ್ಜಿ ಕುರ್ಚಿಯಲ್ಲಿ ಕೂರಬೇಕು. ಅಡ್ವೈಸರ್ ತಮ್ಮ ಕಂಪ್ಯೂಟರಿನಲ್ಲಿ ಹೆಸರು ಒತ್ತಿದಾಗ ಒಳಗೆ ಹೋಗಬೇಕು. ಕಿಯೋಸ್ಕ್ ಪ್ರತಿ ವಾರ ಒಂದು ವರದಿ ಕೊಡುತ್ತದೆ: ಸರಾಸರಿ ಕಾಯುವ ಸಮಯ ಇಷ್ಟು ನಿಮಿಷ.

ಕಚೇರಿಯ ಮುಖ್ಯಸ್ಥೆ ಇನ್ನೊಬ್ಬ ಅಡ್ವೈಸರ್ ಬೇಕು ಅಂತ ಒಂದು ವರ್ಷದಿಂದ ಕೇಳುತ್ತಿದ್ದರು. ಡೀನ್ ಕಚೇರಿಯವರು ಕಿಯೋಸ್ಕಿನ ವರದಿ ತೋರಿಸುತ್ತಿದ್ದರು. ನೋಂದಣಿ ಸಮಯದಲ್ಲೂ 24 ನಿಮಿಷ. ಗುರಿ ಇರುವುದು 30. ಮತ್ತೇನು ತೊಂದರೆ?

"ನಿನಗೇನು ಅನ್ನಿಸುತ್ತೆ?" ಅಂತ ಕೇಳಿದೆ.

"ಇನ್ನೊಬ್ಬರು ಬೇಡ ಅನ್ನಿಸುತ್ತೆ. ಇರೋರೇ ಸ್ವಲ್ಪ ಬೇಗ ಬೇಗ ಮುಗಿಸಿದರೆ ಸಾಕು." ಫೈನಾನ್ಸ್ ಹುಡುಗಿ. ಸಂಬಳದ ಖರ್ಚು ಮೊದಲು ಕಣ್ಣಿಗೆ ಬಿದ್ದಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಆ ಚೌಕದಲ್ಲಿದ್ದ ಸಾಲನ್ನು ಹೊಡೆದು ಹಾಕಿ ಬೇರೆ ಬರೆದೆವು. ನೋಂದಣಿಯ ವಾರಗಳಲ್ಲಿ ನಾಲ್ಕು ದಿನ ಕೂತು ಅಳತೆ ಮಾಡುವುದು, ಎರಡು ಕೌಂಟರಿನ ಕ್ಯೂ ಮಾದರಿ ಕಟ್ಟುವುದು, ಮಾದರಿಯ ಉತ್ತರವನ್ನು ಅಳತೆಯ ಜೊತೆ ಹೋಲಿಸುವುದು, 15 ಪುಟ. ಆ 15 ಪುಟ ಯಾಕೆ ಬಂತು ಅಂದರೆ, ಪುಟದ ಲೆಕ್ಕ ಇಲ್ಲದ ಅರ್ಜಿಯನ್ನು ಆನರ್ಸ್ ಕಚೇರಿ ವಾಪಸ್ ಕಳಿಸುತ್ತದೆ. ಮುಂದೆ ಇದರಿಂದಲೇ ಒಂದು ಸಣ್ಣ ರಗಳೆ ಆಯಿತು.

ಅಳತೆ

ಅಕ್ಟೋಬರ್ ಕೊನೆಯವರೆಗೆ ಓದು. ಕ್ಯೂ ಶಾಸ್ತ್ರ ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞ, ಕರೆಗಳು ಯಾವ ಕ್ರಮವೂ ಇಲ್ಲದೆ ಬರುತ್ತವೆ ಅನ್ನುವುದನ್ನೇ ಲೆಕ್ಕಕ್ಕೆ ತಂದು 1909ರಲ್ಲಿ ಬರೆದ. ಇವತ್ತು ಎಂ/ಎಂ/2 ಅಂತ ಕರೆಯುವ ಮಾದರಿ ಅದೇ ಮನೆತನದ್ದು. ಮೊದಲ ಎಂ ಅಂದರೆ ಜನ ತಮಗೆ ತೋಚಿದಾಗ ಬರುತ್ತಾರೆ. ಎರಡನೇ ಎಂ ಅಂದರೆ ಒಳಗಿನ ಕೆಲಸ ಒಬ್ಬರಿಗೆ ಐದು ನಿಮಿಷ, ಇನ್ನೊಬ್ಬರಿಗೆ ಐವತ್ತು ಹಿಡಿಯಬಹುದು. ಎರಡು ಅಂದರೆ ಕೌಂಟರುಗಳು.

ಅಳತೆಗೆ ಮೊದಲು ಒಂದು ನಿಯಮ ಹಾಕಿಕೊಂಡೆವು. ಕ್ಲಿಪ್‌ಬೋರ್ಡಿನಲ್ಲಿ ಯಾರ ಹೆಸರೂ ಬರಬಾರದು, ಕಾರ್ಡಿನ ನಂಬರೂ ಬರಬಾರದು. ವಿದ್ಯಾರ್ಥಿಗಳ ದಾಖಲೆ ಕಾಯುವ ಫೆರ್ಪಾ ಕಾನೂನು 1974ರಿಂದಲೂ ಇದೆ. ಡೆಸ್ಕಿನಲ್ಲಿ ಕೆಲಸ ಮಾಡುವಾಗ ಅವಳಿಗೆ ಹೆಸರು ಕಾಣಿಸುವುದು ಬೇರೆ, ಅದನ್ನು ತನ್ನ ಪ್ರಾಜೆಕ್ಟಿಗೆ ಬಳಸುವುದು ಬೇರೆ. ಆ ನಾಲ್ಕು ದಿನ ಅವಳು ಡೆಸ್ಕಿನ ಕೆಲಸ ಮಾಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತಳು.

ಕಿಯೋಸ್ಕಿಗೆ ಬಂದ ಸಮಯ ಗೊತ್ತು, ಒಳಗೆ ಹೋದ ಸಮಯವೂ ಗೊತ್ತು. ಹೊರಗೆ ಬಂದದ್ದು ಗೊತ್ತಾಗುವುದಿಲ್ಲ. ಅದನ್ನು ಅವಳು ಬರೆದುಕೊಂಡಳು. ಜೊತೆಗೆ ಹತ್ತು ನಿಮಿಷಕ್ಕೊಮ್ಮೆ ಕುರ್ಚಿಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಅಂತ ಎಣಿಸಿದಳು. ದಿನಕ್ಕೆ 6 ಗಂಟೆ, ನಾಲ್ಕು ದಿನ, ಒಟ್ಟು 24 ಗಂಟೆ.

ಹೊಂದದ ಸಂಖ್ಯೆ

ಹತ್ತನೇ ವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮುಖ ಗೆಲುವಾಗಿತ್ತು. ಗಂಟೆಗೆ ಸರಾಸರಿ 5 ಜನ ಬರುತ್ತಾರೆ. ಒಬ್ಬರಿಗೆ ಸರಾಸರಿ 20 ನಿಮಿಷ ಹಿಡಿಯುತ್ತದೆ, ಅಂದರೆ ಇಬ್ಬರು ಅಡ್ವೈಸರ್ ಸೇರಿ ಗಂಟೆಗೆ 6 ಜನರನ್ನು ನೋಡಬಲ್ಲರು. ಮಾದರಿಯ ಪ್ರಕಾರ ಕಾಯುವ ಸಮಯ 23 ನಿಮಿಷ. ಕಿಯೋಸ್ಕ್ ಹೇಳಿದ್ದು 24. "ಸರಿಹೋಯ್ತು!" ಅಂದಳು.

ನನಗೆ ಸರಿಹೋಗಲಿಲ್ಲ. ಗಂಟೆಗೆ 5 ಬಂದು 6 ಹೋಗುವ ಜಾಗದಲ್ಲಿ ಅಷ್ಟು ಕಡಿಮೆ ಬರುವುದಿಲ್ಲ ಅಂತ ಮನಸ್ಸು ಹೇಳುತ್ತಿತ್ತು. ಎಕ್ಸೆಲ್ ಶೀಟಿನಲ್ಲಿ ಸೇವಾ ಸಮಯದ ಮನೆಯನ್ನು ಒತ್ತಿ ನೋಡಿದೆ. ಅಲ್ಲಿ 20 ಇರಲಿಲ್ಲ, 18 ಇತ್ತು.

"18 ಎಲ್ಲಿಂದ ಬಂತು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. 20 ಹಾಕಿದರೆ ಉತ್ತರ 45 ನಿಮಿಷ ಬರುತ್ತಿತ್ತು. ತನ್ನ ಗಡಿಯಾರದಲ್ಲಿ ಒಂದೆರಡು ನಿಮಿಷ ಆಚೀಚೆ ಆಗಿರಬಹುದು ಅಂದುಕೊಂಡು 19 ಹಾಕಿ ನೋಡಿದ್ದಾಳೆ, ಆಮೇಲೆ 18. ಹೊಂದಿತು. ಅಲ್ಲಿಗೇ ನಿಲ್ಲಿಸಿದ್ದಾಳೆ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಗಳಿಗೆ. ಅವಳು ಮೋಸ ಮಾಡಿದಳು ಅಂತ ಇದನ್ನು ಹೇಳುತ್ತಿಲ್ಲ. ಮೂರು ವರ್ಷ ನಾವು ಕಲಿಸಿದ್ದನ್ನೇ ಅವಳು ಮಾಡಿದ್ದು. ನಮ್ಮ ಹೋಂವರ್ಕಿನ ಲೆಕ್ಕಗಳಿಗೆಲ್ಲ ಪುಸ್ತಕದ ಹಿಂದೆ ಉತ್ತರ ಇರುತ್ತದೆ. ಉತ್ತರ ಹೊಂದಲಿಲ್ಲ ಅಂದರೆ ತಪ್ಪು ನಿನ್ನದು, ಹುಡುಕು, ತಿದ್ದು. ಅವಳಿಗೆ ಕಿಯೋಸ್ಕಿನ 24 ಪುಸ್ತಕದ ಹಿಂದಿನ ಉತ್ತರದ ಹಾಗೆ ಕಂಡಿತ್ತು. ಸಾಮಾನ್ಯ ತರಗತಿಯಲ್ಲಾಗಿದ್ದರೆ ನಾನೂ ಆ ಶೀಟಿಗೆ ಪೂರ್ತಿ ಅಂಕ ಕೊಟ್ಟುಬಿಡುತ್ತಿದ್ದೆ. 80 ಶೀಟುಗಳಲ್ಲಿ ಒಂದೊಂದು ಮನೆಯನ್ನೂ ಯಾರು ಒತ್ತಿ ನೋಡುತ್ತಾರೆ?

"ಮತ್ತೆ 20 ಹಾಕು. 45 ಬರಲಿ ಬಿಡು. ಈಗ ಎರಡರಲ್ಲಿ ಸುಳ್ಳು ಹೇಳ್ತಿರೋದು ಯಾವುದು, ನಿನ್ನ ಅಳತೆಯೋ ಮಾದರಿಯೋ ನೋಡೋಣ."

ಅಳತೆಯನ್ನು ಪರೀಕ್ಷಿಸಲು ಒಂದು ಒಳ್ಳೆಯ ಉಪಾಯ ಇದೆ. ಲಿಟಲ್ ಅನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮ. ಕಾಯುತ್ತಿರುವವರ ಸರಾಸರಿ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಕಾಯುವ ಸಮಯ. ಅಷ್ಟೇ. ಜನ ಹೇಗೆ ಬರುತ್ತಾರೆ, ಒಳಗೆ ಎಷ್ಟು ಹೊತ್ತು ಕೂರುತ್ತಾರೆ ಅನ್ನುವ ಯಾವ ಊಹೆಯೂ ಅದಕ್ಕೆ ಬೇಡ. ಗಂಟೆಗೆ 5 ಜನ, 24 ನಿಮಿಷ ಅಂದರೆ 0.4 ಗಂಟೆ. ಗುಣಿಸಿದರೆ 2. ಕುರ್ಚಿಗಳಲ್ಲಿ ಅವಳು ಎಣಿಸಿದ್ದು ಸರಾಸರಿ 1.9.

ಅಳತೆ ಸರಿಯಾಗಿಯೇ ಇದೆ. ಗಡಿಯಾರದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಹಾಗಾದರೆ ಮಾದರಿ ಎಲ್ಲಿ ತಪ್ಪಿತು? ಒಂದು ವಾರ ಬಿಟ್ಟು ಬರುವೆ ಅಂದವಳು ಮಾರನೇ ದಿನವೇ ಬಂದಳು. ಅವಳ ಕ್ಲಿಪ್‌ಬೋರ್ಡಿನಲ್ಲಿ ಹೊರಗೆ ಬಂದವರ ಸಮಯಗಳನ್ನು ಎಣಿಸಿದರೆ 108. ಕಿಯೋಸ್ಕಿನಲ್ಲಿ ಕಾರ್ಡ್ ಉಜ್ಜಿದವರು 120. ಮಿಕ್ಕ 12 ಜನ ಎಲ್ಲಿ?

ಎದ್ದು ಹೋಗಿದ್ದರು. ಕಾದು ಸಾಕಾಗಿ, ಅಥವಾ ಮುಂದಿನ ಕ್ಲಾಸಿಗೆ ಹೊತ್ತಾಯಿತು ಅಂತ. ಕಿಯೋಸ್ಕ್ ಅವರನ್ನು ಸಂಜೆ "ಬರಲಿಲ್ಲ" ಅಂತ ಗುರುತು ಹಾಕಿ ಪಟ್ಟಿಯಿಂದ ತೆಗೆದುಹಾಕುತ್ತದೆ. ಸರಾಸರಿಯಲ್ಲಿ ಅವರಿಲ್ಲ. ಎರಡೂ ಅಡ್ವೈಸರ್‌ಗಳ ಹತ್ತಿರ ನಿಜವಾಗಿ ತಲುಪಿದವರು ಗಂಟೆಗೆ 5 ಅಲ್ಲ, ನಾಲ್ಕೂವರೆ. ಮಾದರಿಗೆ 4.5 ಕೊಟ್ಟಳು, ಸೇವಾ ಸಮಯ 20 ನಿಮಿಷವೇ ಇಟ್ಟಳು. ಉತ್ತರ 26 ನಿಮಿಷ.

24 ಮತ್ತು 26ರ ನಡುವಿನ ಎರಡು ನಿಮಿಷವನ್ನು ಅವಳು ಹಾಗೇ ಬಿಟ್ಟಳು. ತಿದ್ದಲಿಲ್ಲ. ಎದ್ದು ಹೋಗುವವರನ್ನು ಸರಿಯಾಗಿ ಲೆಕ್ಕಕ್ಕೆ ಸೇರಿಸುವ ಎರ್ಲಾಂಗ್-ಎ ಅನ್ನುವ ಮಾದರಿ ಬೇರೆ ಇದೆ, ತಾನು ಮಾಡಿದ್ದು ಒರಟು ಲೆಕ್ಕ ಅಂತ ಒಂದು ಸಾಲು ಬರೆದಳು. ಆ ಸಾಲು ಓದಿ ನನಗೆ ಖುಷಿಯಾಯಿತು.

ಇಲ್ಲಿ ಒಂದು ಮಾತು. ಬರುವವರು ಕಡಿಮೆಯಾದದ್ದು ಹತ್ತರಲ್ಲಿ ಒಬ್ಬರು ಮಾತ್ರ. ಕಾಯುವ ಸಮಯ 45ರಿಂದ 26ಕ್ಕೆ ಇಳಿಯಿತು, ಹತ್ತಿರ ಹತ್ತಿರ ಅರ್ಧ. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಮಕ್ಕಳ ತಲೆಗೆ ಹೋಗುವುದಿಲ್ಲ. ಒಂದೇ ಕೌಂಟರ್ ಇದ್ದರೆ, ಅದು ಶೇ. 80ರಷ್ಟು ಹೊತ್ತು ದುಡಿಯುತ್ತಿದ್ದಾಗ ಒಳಗೂ ಹೊರಗೂ ಸೇರಿ ಸರಾಸರಿ 4 ಜನ ಇರುತ್ತಾರೆ. 90 ಆದರೆ 9. 95 ಆದರೆ 19. ಕೆಲಸ ತುಂಬುತ್ತಾ ಹೋದ ಹಾಗೆ ಸಾಲು ನಿಧಾನಕ್ಕೆ ಬೆಳೆಯುವುದಿಲ್ಲ, ಕೊನೆಯಲ್ಲಿ ಒಮ್ಮೆಗೇ ಉಬ್ಬುತ್ತದೆ. "ಇರೋರೇ ಬೇಗ ಬೇಗ ಮುಗಿಸಿದರೆ ಸಾಕು" ಅನ್ನುವವರಿಗೂ, "ಇನ್ನೂ ಸ್ವಲ್ಪ ಪುರುಸೊತ್ತು ಇದೆಯಲ್ಲ" ಅನ್ನುವ ಡೀನ್ ಕಚೇರಿಗೂ ಇದು ಕಾಣಿಸುವುದಿಲ್ಲ.

ಹಾಳೆಯ ಅಂಚಿನ ಗೆರೆಗಳು

ಇಷ್ಟಕ್ಕೇ ಕಾಂಟ್ರಾಕ್ಟಿನ ಕೆಲಸ ಮುಗಿದಿತ್ತು. ಎದ್ದು ಹೋಗುವಾಗ ಅವಳೇ ಕೇಳಿದಳು: "ಇನ್ನೊಂದಿದೆ, ಆದರೆ ಅದು ಕಾಂಟ್ರಾಕ್ಟಿನಲ್ಲಿ ಇಲ್ಲ. ಹೇಳಲಾ?"

ಕ್ಲಿಪ್‌ಬೋರ್ಡಿನ ಮೂಲ ಹಾಳೆಗಳನ್ನು ತೆಗೆದು ತೋರಿಸಿದಳು. ಪ್ರತಿ ಹಾಳೆಯ ಬಲಗಡೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಗೆರೆಗಳು. ನಾಲ್ಕು ನಿಂತ ಗೆರೆ, ಅವುಗಳ ಮೇಲೆ ಅಡ್ಡ ಒಂದು. ಆ ಕಚೇರಿಯ ಬಾಗಿಲು ಗಾಜಿನದು. ಕ್ಲಾಸುಗಳು ಬಿಡುವುದು ಗಂಟೆಗೆ ಹತ್ತು ನಿಮಿಷ ಇರುವಾಗ. ಬಿಟ್ಟ ತಕ್ಷಣ ಕೆಲವರು ಬಾಗಿಲವರೆಗೆ ಬರುತ್ತಾರೆ, ಬ್ಯಾಗಿನ ಪಟ್ಟಿ ಹಿಡಿದುಕೊಂಡು ಗಾಜಿನಲ್ಲಿ ಇಣುಕುತ್ತಾರೆ, ಕುರ್ಚಿಗಳನ್ನು ಎಣಿಸುತ್ತಾರೆ, ಹಾಗೇ ತಿರುಗಿ ಹೋಗುತ್ತಾರೆ. ಕಾರ್ಡ್ ಉಜ್ಜುವುದಿಲ್ಲ. ಒಂದು ವರ್ಷ ಡೆಸ್ಕಿನಲ್ಲಿ ಕೂತು ಅವರನ್ನು ನೋಡಿದ್ದಳು. ಅದಕ್ಕೆ ಸುಮ್ನೆ ಗೆರೆ ಎಳೆದಿಟ್ಟಿದ್ದಳು.

ಎಣಿಸಿದರೆ 31.

120ಕ್ಕೆ 31 ಸೇರಿಸಿದರೆ 151. 24 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 6.3. ಹಿಂದಿನ ರಾತ್ರಿ ಅದನ್ನು ಎಕ್ಸೆಲ್ಲಿಗೆ ಹಾಕಿದ್ದಾಳೆ. ಕಾಯುವ ಸಮಯದ ಮನೆಯಲ್ಲಿ ಬಂದದ್ದು ಮೈನಸ್ 3.68 ಗಂಟೆ. ಸೂತ್ರ ತಪ್ಪಾಗಿ ಟೈಪ್ ಆಗಿದೆ ಅಂತ ಎರಡು ಗಂಟೆ ಕೂತು ಹುಡುಕಿದ್ದಾಳೆ. ಎಲ್ಲೂ ತಪ್ಪಿಲ್ಲ.

"ಬರುವ ಮೊದಲೇ ಒಳಗೆ ಹೋಗಿಬಿಟ್ಟಿರ್ತಾರಾ?" ಅಂತ ಕೇಳಿದಳು. ಇಬ್ಬರೂ ನಕ್ಕೆವು.

ಆಮೇಲೆ ನಗು ನಿಂತಿತು. ಗಂಟೆಗೆ 6 ಜನರನ್ನು ನೋಡಬಲ್ಲ ಕಡೆಗೆ 6.3 ಜನ ಬಂದರೆ ಆ ಸಾಲಿಗೆ ಸರಾಸರಿ ಅನ್ನುವುದೇ ಇಲ್ಲ. ದಿನ ಪೂರ್ತಿ ಬೆಳೆಯುತ್ತಲೇ ಹೋಗುತ್ತದೆ. ಸೂತ್ರ ಕೆಲಸ ಮಾಡುವುದು ಬರುವವರು ಹೋಗುವವರಿಗಿಂತ ಕಡಿಮೆ ಇದ್ದಾಗ ಮಾತ್ರ. ಆ ಎಲ್ಲೆ ದಾಟಿದ್ದಕ್ಕೆ ಅದು ಮೈನಸ್ ಕೊಟ್ಟು ಕೈಚೆಲ್ಲಿತ್ತು. ಹಾಗಾದರೆ ಕಚೇರಿ ಇಲ್ಲಿಯವರೆಗೆ ಕುಸಿಯದೆ ನಡೆದದ್ದು ಹೇಗೆ? 12 ಜನ ಕಾದು ಎದ್ದು ಹೋದದ್ದರಿಂದ, 31 ಸಲ ಯಾರೋ ಬಾಗಿಲಲ್ಲೇ ತಿರುಗಿದ್ದರಿಂದ. ವರದಿಯ 24 ನಿಮಿಷವನ್ನು ಕಾಪಾಡುತ್ತಿದ್ದವರು ಅವರು.

"31 ಜನ ಅಂತ ಬರೀಲಾ?" ಅಂತ ಕೇಳಿದವಳು ತಾನೇ ತಡೆದಳು. "ಬೇಡ. ಒಬ್ಬರೇ ಮೂರು ಸಲ ಇಣುಕಿರಬಹುದು. ಬೆಳಗ್ಗೆ ಹೋದವರೇ ಮಧ್ಯಾಹ್ನ ಬಂದು ಕಾರ್ಡ್ ಉಜ್ಜಿರಬಹುದು." ಅದಕ್ಕೆ ಪ್ರಬಂಧದಲ್ಲಿ "31 ಜನ" ಅಂತ ಎಲ್ಲೂ ಇಲ್ಲ, "31 ಸಲ" ಅಂತಿದೆ. ನಿಜವಾದ ಬೇಡಿಕೆ ಗಂಟೆಗೆ 5ಕ್ಕೂ 6.3ಕ್ಕೂ ನಡುವೆ ಎಲ್ಲೋ ಇದೆ ಅಂತ ಬರೆದಳು. ಮೂರನೇ ಅಡ್ವೈಸರ್ ಇದ್ದರೆ ಏನಾಗುತ್ತದೆ ಅಂತ ಎರಡೂ ಕೊನೆಗೆ ಲೆಕ್ಕ ಹಾಕಿದಳು. 5 ಜನ ಬಂದರೆ ಕಾಯುವುದು ನಾಲ್ಕೂವರೆ ನಿಮಿಷ. 6.3 ಬಂದರೂ 11 ನಿಮಿಷ. ಇನ್ನೊಬ್ಬರು ಬೇಡ ಅಂದಿದ್ದ ಹುಡುಗಿ ಇವಳೇ ಅಲ್ವಾ ಅಂತ ನೆನಪಿಸಿದೆ. "ಆಗ ಗೆರೆ ಎಣಿಸಿರಲಿಲ್ಲ" ಅಂದಳು.

ಬರವಣಿಗೆ, ಸಹಿ, ರಗಳೆ

ಮೊದಲ ಕರಡು 17 ಪುಟ ಇತ್ತು. ಅದರಲ್ಲಿ 6 ಪುಟ ಎರ್ಲಾಂಗ್ ಮತ್ತು ಟೆಲಿಫೋನ್ ಕಥೆ. ಮೈನಸ್ ಉತ್ತರ 14ನೇ ಪುಟದ ಅಡಿಟಿಪ್ಪಣಿಯಲ್ಲಿ ಅಡಗಿ ಕೂತಿತ್ತು. ನಾಚಿಕೆಯಿಂದ ಅಲ್ಲಿ ಹಾಕಿದ್ದಳು. ಅದನ್ನು ಮೊದಲ ಪುಟಕ್ಕೆ ತರಲು ಹೇಳಿದೆ, ಎರ್ಲಾಂಗನನ್ನು ಒಂದು ಪ್ಯಾರಾಕ್ಕೆ ಇಳಿಸಲು ಹೇಳಿದೆ. ಕೊನೆಗೆ ಉಳಿದದ್ದು 9 ಪುಟ.

ಕಚೇರಿಯ ಮುಖ್ಯಸ್ಥೆಯ ಎದುರು ಕೂತು ಅದನ್ನು ವಿವರಿಸಿದ ದಿನ ನಾನೂ ಇದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ಕಿಯೋಸ್ಕಿನ 24 ಸುಳ್ಳಾ?"

"ಸುಳ್ಳಲ್ಲ" ಅಂದಳು. "ಕೊನೆವರೆಗೂ ಕಾದವರ ಸರಾಸರಿ ಅದು. ಕಾಯದವರದ್ದು ಅದರಲ್ಲಿ ಇಲ್ಲ."

ಡೀನ್ ಕಚೇರಿ ಪೂರ್ಣಾವಧಿಯ ಹುದ್ದೆ ಕೊಡಲಿಲ್ಲ. ಮುಂದಿನ ಸೆಮಿಸ್ಟರ್‌ನ ನೋಂದಣಿಗೆ ಎರಡು ವಾರದ ಮಟ್ಟಿಗೆ ಬೇರೆ ವಿಭಾಗದಿಂದ ಒಬ್ಬರನ್ನು ಕಳಿಸಿದರು. ವಾರದ ವರದಿಯಲ್ಲಿ ಈಗ ಎರಡನೇ ಸಾಲೊಂದು ಬರುತ್ತದೆ: ಕಾರ್ಡ್ ಉಜ್ಜಿ ಒಳಗೆ ಹೋಗದವರು ಇಷ್ಟು. ಬಾಗಿಲಲ್ಲೇ ತಿರುಗಿದವರನ್ನು ಎಣಿಸುವ ಯಂತ್ರ ಇಲ್ಲ, ಅದು ವರದಿಯಲ್ಲೂ ಇಲ್ಲ.

ಆನರ್ಸ್ ಕಚೇರಿಯಿಂದ ನನ್ನ ಹಾಳೆ ವಾಪಸ್ ಬಂತು. ಕಾಂಟ್ರಾಕ್ಟಿನಲ್ಲಿ 15 ಪುಟ ಅಂತಿದೆ, ಸಲ್ಲಿಸಿದ್ದು 9, ಕೆಲಸ ಪೂರ್ತಿಯಾಗಿದೆ ಅಂತ ಹೇಗೆ ಸಹಿ ಹಾಕಿದ್ದೀರಿ? ಅವರ ತಪ್ಪೇನೂ ಇಲ್ಲ, ಹಾಳೆಯಲ್ಲಿ ಬರೆದದ್ದನ್ನು ಓದುವುದು ಅವರ ಕೆಲಸ. 22 ಪುಟದ ಆ ಹುಡುಗನ ಹಾಳೆ ಒಂದು ಪ್ರಶ್ನೆಯೂ ಇಲ್ಲದೆ ಪಾಸಾಗಿತ್ತು. ನಾಲ್ಕು ಸಾಲಿನ ಪತ್ರ ಬರೆದೆ, ಒಪ್ಪಿಕೊಂಡರು. ಆಮೇಲಿನ ಕಾಂಟ್ರಾಕ್ಟುಗಳಲ್ಲಿ ಪುಟದ ಚೌಕದಲ್ಲಿ "8ರಿಂದ 20" ಅಂತ ಬರೆಯುತ್ತೇನೆ.

ಇದನ್ನೆಲ್ಲ ಓದಿ ಎಲ್ಲ ಕಾಂಟ್ರಾಕ್ಟೂ ಹೀಗೇ ನಡೆಯಬೇಕು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದೇ ಸೆಮಿಸ್ಟರ್‌ನಲ್ಲಿ ಇನ್ನೂ ಎರಡು ಕಾಂಟ್ರಾಕ್ಟಿಗೆ ನಾನು ಸಹಿ ಹಾಕಿದ್ದೆ. ಒಬ್ಬ ಹೆಚ್ಚುವರಿ ಲೆಕ್ಕ ಮಾಡಿಕೊಟ್ಟ. ಇನ್ನೊಬ್ಬಳು ಒಂದು ಪುಸ್ತಕದ ವಿಮರ್ಶೆ ಬರೆದಳು, ಪರವಾಗಿಲ್ಲ ಅನ್ನುವ ಹಾಗಿತ್ತು. ಅವರಿಬ್ಬರ ಜೊತೆ ಕೂರಲು ನನಗೆ ಹೊತ್ತು ಸಿಗಲಿಲ್ಲ. ಈ ಹುಡುಗಿಗೆ ವಾರಕ್ಕೆ ಒಂದು ಗಂಟೆ ಹೋಗುತ್ತಿತ್ತು. ಕಾಂಟ್ರಾಕ್ಟಿಗೆ ನಮಗೆ ಸಂಬಳವೂ ಇಲ್ಲ, ಪಾಠದ ಹೊರೆಯಲ್ಲಿ ರಿಯಾಯಿತಿಯೂ ಇಲ್ಲ. ಮೇಲಾಗಿ ಅವಳಿಗೆ ಅದೃಷ್ಟವೂ ಇತ್ತು, ಎದುರಿಗೇ ಒಂದು ಸಾಲು ಕೂತಿತ್ತು. ಎಲ್ಲರಿಗೂ ಅಂಥ ಡೆಸ್ಕ್ ಎಲ್ಲಿ ಸಿಗಬೇಕು? ಆದರೆ ಒಂದು ಪ್ರಶ್ನೆಯನ್ನು ಈಗ ಎಲ್ಲರಿಗೂ ಕೇಳುತ್ತೇನೆ, ಅದಕ್ಕೆ ಐದು ನಿಮಿಷ ಸಾಕು: ನಿನಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನಿದೆ? ಉತ್ತರ ಇದ್ದರೆ ಅದನ್ನೇ ಚೌಕದಲ್ಲಿ ಬರೆಯುತ್ತೇವೆ. ಇಲ್ಲದಿದ್ದರೆ ಹೆಚ್ಚುವರಿ ಲೆಕ್ಕ.

ಥೀಸಿಸ್

ಅವಳಿಗೆ ಇದನ್ನೇ ಕೊನೆಯ ವರ್ಷದ ಥೀಸಿಸ್ ಮಾಡುವ ಆಸೆ. ಇಲ್ಲಿ ನಾನು ಮೊದಲೇ ಯೋಚಿಸಬೇಕಿದ್ದ ಒಂದು ವಿಷಯ ಬಂತು. ಮನುಷ್ಯರ ಮೇಲಿನ ಸಂಶೋಧನೆಗೆ ವಿಶ್ವವಿದ್ಯಾಲಯದ ಐಆರ್‌ಬಿ ಅನ್ನುವ ಮಂಡಳಿಯ ಒಪ್ಪಿಗೆ ಬೇಕು, ಅದೂ ಕೆಲಸ ಶುರು ಮಾಡುವ ಮೊದಲು. ಮುಗಿದ ಮೇಲೆ ಹಿಂದಿನ ದಿನಾಂಕ ಹಾಕಿ ಒಪ್ಪಿಗೆ ಕೊಡುವುದಿಲ್ಲ. ತರಗತಿಗೆ ಮಾತ್ರ ಸೀಮಿತವಾದ ಪ್ರಾಜೆಕ್ಟಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಥೀಸಿಸ್ ಆದರೆ, ಹೊರಗೆ ಎಲ್ಲಾದರೂ ಮಂಡಿಸುವುದಾದರೆ, ಕೇಳಬೇಕು. ಕೇಳಿದೆವು. ಹೆಸರಿಲ್ಲ, ನಂಬರಿಲ್ಲ, ಯಾರನ್ನೂ ಮಾತಾಡಿಸಿಲ್ಲ, ದೂರದಿಂದ ಎಣಿಸಿದ್ದು ಅಷ್ಟೇ ಅನ್ನುವ ಕಾರಣಕ್ಕೆ ನಾಲ್ಕು ದಿನದ ಆ ಹಾಳೆಗಳು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ತಿಳಿಸಿದರು. ಹೆಸರು ಬರೆಯಬಾರದು ಅನ್ನುವ ನಿಯಮ ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ, ಅದೃಷ್ಟ ಚೆನ್ನಾಗಿತ್ತು.

ಥೀಸಿಸ್‌ಗೆ ಬೇಕಿರುವುದು ಆ 31. ಅದರಲ್ಲಿ ಎಷ್ಟು ಜನ ಮತ್ತೆ ಬಂದರು, ಎಷ್ಟು ಜನ ಬರಲೇ ಇಲ್ಲ, ಬಾರದವರು ಯಾರನ್ನು ಕೇಳಿ ಕೋರ್ಸ್ ಆರಿಸಿಕೊಂಡರು? ಇದನ್ನು ಮೂಲೆಯಲ್ಲಿ ಕೂತು ಎಣಿಸಿದರೆ ಸಿಗುವುದಿಲ್ಲ. ತಿರುಗಿ ಹೋಗುವವರ ಹಿಂದೆ ಹೋಗಿ ನಿಲ್ಲಿಸಿ ಕೇಳಬೇಕು. ಕೇಳಬೇಕಾದರೆ ಮಂಡಳಿಯ ಒಪ್ಪಿಗೆ ಬೇಕು. ಪ್ರಶ್ನೆಗಳ ಪಟ್ಟಿ, ಒಪ್ಪಿಗೆ ಪತ್ರದ ನಮೂನೆ, ತರಬೇತಿಯ ಪ್ರಮಾಣಪತ್ರ ಎಲ್ಲ ಸೇರಿಸಿ ಅರ್ಜಿ ಹಾಕಿದ್ದಾಳೆ. ಒಪ್ಪಿಗೆ ಇನ್ನೂ ಬಂದಿಲ್ಲ. ಫೋನ್ ಮಾಡಿ ವಿಚಾರಿಸಿದರೆ, ಅರ್ಜಿಗಳು ಜಾಸ್ತಿ ಇವೆ, ನಿಮ್ಮದು ಸಾಲಿನಲ್ಲಿದೆ ಅಂದರಂತೆ. "ಗಂಟೆಗೆ ಎಷ್ಟು ಬರುತ್ತೆ, ಎಷ್ಟು ಜನ ನೋಡ್ತಾರೆ ಅಂತ ಕೇಳಬೇಕು ಅನ್ನಿಸಿತು" ಅಂದಳು. ಕೇಳಬೇಡ ಅಂದೆ.